ಪಿಂಗ್ ಬರುತ್ತಿತ್ತು, ಟೆಂಡರ್ ಮಾತ್ರ ನಿಂತಿತ್ತು

ಪ್ರಶ್ನೆ: ನಮಸ್ಕಾರ ಸರ್. ಶಿರಸಿಯ ಒಂದು ಅಡಿಕೆ ಮಾರಾಟ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎರಡು ಲಿನಕ್ಸ್ ಸರ್ವರ್ ಇವೆ, ಒಂದು ಮುಖ್ಯ, ಇನ್ನೊಂದು ಸ್ಟ್ಯಾಂಡ್‌ಬೈ. ಎರಡರಲ್ಲೂ ಟೆಂಡರ್ ಅಪ್ಲಿಕೇಶನ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಕೀಪ್‌ಅಲೈವ್‌ಡಿ ಹಾಕಿ, ಒಂದೇ ಐಪಿ ವಿಳಾಸ ಎರಡರ ನಡುವೆ ಬದಲಾಗುವಂತೆ ಮಾಡಿದ್ದೇವೆ. ಮುಖ್ಯದ ಪ್ರಯಾರಿಟಿ 150, ಇನ್ನೊಂದರದು 100. ಅಪ್ಲಿಕೇಶನ್ ಪೋರ್ಟ್ ತೆರೆದಿದೆಯಾ ಅಂತ ಒಂದು ಸ್ಕ್ರಿಪ್ಟ್ ನೋಡುತ್ತಿರುತ್ತದೆ. ಅದರ ವೇಟ್ ಮೈನಸ್ 20. ಹೋದ ತಿಂಗಳು ಸರಿಯಾಗಿ ಟೆಂಡರ್ ತೆರೆಯುವ ಹೊತ್ತಿಗೆ ಅಪ್ಲಿಕೇಶನ್ ಹ್ಯಾಂಗ್ ಆಯಿತು. ಪಿಂಗ್ ಬರುತ್ತಿತ್ತು, ಪೋರ್ಟ್ ತೆರೆದೇ ಇತ್ತು, ಆದರೆ ಸ್ಟ್ಯಾಂಡ್‌ಬೈ ಎದ್ದು ಬರಲಿಲ್ಲ. ಎರಡು ವಾರದ ನಂತರ ಇದರ ಉಲ್ಟಾ ಆಯಿತು. ನೆಟ್‌ವರ್ಕ್ ಸ್ವಿಚ್ ಕೆಟ್ಟು ಎರಡೂ ಸರ್ವರ್ ತಾನೇ ಮುಖ್ಯ ಅಂದುಕೊಂಡವು. ಐಪಿ ಬಂದ ಕೂಡಲೇ ಡೇಟಾಬೇಸನ್ನು ಪ್ರಮೋಟ್ ಮಾಡುವ, ಅಂದರೆ ಸ್ಟ್ಯಾಂಡ್‌ಬೈ ಡೇಟಾಬೇಸನ್ನೇ ಮುಖ್ಯ ಮಾಡುವ ಸ್ಕ್ರಿಪ್ಟ್ ಕೂಡ ಓಡಿತು. ಅರ್ಧ ಗಂಟೆ ಎರಡೂ ಕಡೆ ಎಂಟ್ರಿ ಆಗಿ, ಒಂದೇ ಲಾಟ್ ನಂಬರ್ ಇಬ್ಬರು ರೈತರಿಗೆ ಹೋಗಿತ್ತು. ಈಗ ಅಧ್ಯಕ್ಷರು 'ಈ ಆಟೊಮ್ಯಾಟಿಕ್ ಸಹವಾಸವೇ ಬೇಡ, ಕೈಯಲ್ಲೇ ಬದಲಾಯಿಸಿ' ಅನ್ನುತ್ತಾರೆ. ಹೆಲ್ತ್ ಚೆಕ್ ಸರಿಯಾಗಿ ಹಾಕುವುದು ಹೇಗೆ? ಅಧ್ಯಕ್ಷರು ಹೇಳುವುದು ಸರಿಯಾ?

ಉತ್ತರ: ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಕಣ್ಣಿಗೆ ಬಿದ್ದದ್ದು ಮೂರು ಅಂಕಿ. 150, 100, ಮೈನಸ್ 20. ಚೆಕ್ ಫೇಲ್ ಆದರೆ ಮುಖ್ಯ ಸರ್ವರ್‌ನ 150ರಲ್ಲಿ 20 ಕಳೆಯುತ್ತದೆ, 130 ಉಳಿಯುತ್ತದೆ. ಸ್ಟ್ಯಾಂಡ್‌ಬೈ ಇರುವುದು 100ರಲ್ಲಿ. 130 ಇನ್ನೂ ದೊಡ್ಡದೇ ಅಲ್ವಾ? ಐಪಿ ಯಾಕೆ ಆಚೆ ಹೋಗಬೇಕು? ಅಂದರೆ ನಿಮ್ಮ ಸ್ಕ್ರಿಪ್ಟ್ ದಿನವಿಡೀ ಫೇಲ್ ಆಗಿದ್ದರೂ ಏನೂ ಆಗುತ್ತಿರಲಿಲ್ಲ. ಈ ತಪ್ಪು ಮಾಡಿದವರಲ್ಲಿ ನೀವು ಮೊದಲಿನವರಲ್ಲ. ಕೀಪ್‌ಅಲೈವ್‌ಡಿ ಹಾಕಿದ ಕಡೆಯೆಲ್ಲ ನಾನು ಮೊದಲು ನೋಡುವುದೇ ಈ ಕಳೆಯುವ ಲೆಕ್ಕವನ್ನು.

ವೇಟ್ ಮೈನಸ್ 60 ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ನಾನು ಹಾಗೆ ಮಾಡಿ ಅನ್ನುವುದಿಲ್ಲ. ವೇಟ್ ಸಾಲನ್ನೇ ತೆಗೆದುಬಿಡಿ. ವೇಟ್ ಇಲ್ಲದಿದ್ದರೆ, ಚೆಕ್ ಬಿದ್ದ ಕೂಡಲೇ ಆ ಸರ್ವರ್ ಫಾಲ್ಟ್ ಸ್ಥಿತಿಗೆ ಹೋಗಿ ಐಪಿ ಬಿಟ್ಟುಕೊಡುತ್ತದೆ. ಕೂಡುವ ಕಳೆಯುವ ತಾಪತ್ರಯವೇ ಇಲ್ಲ. ಇದಕ್ಕೆ ಇನ್ನೂ ಒಂದು ಕಾರಣ ಇದೆ. ಮುಂದೆ ಎಂದಾದರೂ ನೀವು ನೋಪ್ರಿಎಂಪ್ಟ್ ಅನ್ನುವ ಸೆಟ್ಟಿಂಗ್ ಹಾಕುತ್ತೀರಿ, ಹಾಕಲೇಬೇಕು. ಹಾಕಿದ ಮೇಲೆ, ಐಪಿ ಹಿಡಿದುಕೊಂಡವನು ಬದುಕಿರುವ ತನಕ ಅವನ ಪ್ರಯಾರಿಟಿ ಎಷ್ಟೇ ಇಳಿದರೂ ಇನ್ನೊಬ್ಬ ಕಿತ್ತುಕೊಳ್ಳುವುದಿಲ್ಲ. ವೇಟ್ ಮತ್ತು ನೋಪ್ರಿಎಂಪ್ಟ್ ಎರಡನ್ನೂ ಒಟ್ಟಿಗೆ ಇಟ್ಟವರು ಮತ್ತೆ ನಿಮ್ಮ ಹಳೇ ಕಥೆಗೇ ಬಂದು ನಿಲ್ಲುತ್ತಾರೆ. ಇನ್ನು, ನೋಪ್ರಿಎಂಪ್ಟ್ ಕೆಲಸ ಮಾಡಬೇಕಾದರೆ ಎರಡೂ ಸರ್ವರ್‌ಗಳ ಆರಂಭದ ಸ್ಥಿತಿ ಬ್ಯಾಕಪ್ ಅಂತಲೇ ಇರಬೇಕು. ಒಂದರಲ್ಲಿ ಮಾಸ್ಟರ್ ಅಂತ ಬರೆದರೆ ಆಗುವುದಿಲ್ಲ.

ಆದರೆ ಆ ದಿನ ಚೆಕ್ ಫೇಲ್ ಆಗಲೇ ಇಲ್ಲ ಅಂತೀರಿ. ಅದೂ ನಿಜ. ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಪೋರ್ಟ್ ತೆರೆದಿದೆಯಾ ಅಂತ ಕೇಳಿದರೆ ಉತ್ತರ ಕೊಡುವುದು ನಿಮ್ಮ ಅಪ್ಲಿಕೇಶನ್ ಅಲ್ಲ, ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಅಪ್ಲಿಕೇಶನ್ ಕಲ್ಲಾಗಿ ಕೂತಿದ್ದರೂ ಹೊಸ ಕನೆಕ್ಷನ್‌ಗಳಿಗೆ ಕರ್ನಲ್ಲೇ ಕೈಕುಲುಕಿ ಸಾಲಿನಲ್ಲಿ ಕೂರಿಸುತ್ತದೆ. ಸಾಲು ತುಂಬುವವರೆಗೆ ಚೆಕ್ ಪಾಸ್. ನಮ್ಮ ಕಡೆ ದಣಪೆ (ಬೇಲಿ ಬಾಗಿಲು) ಹತ್ತಿರ ನಿಂತು ಕೂಗಿದಾಗ ನಾಯಿ ಬೊಗಳುತ್ತದಲ್ಲ, ಅಷ್ಟೇ ಇದು. ನಾಯಿ ಇದೆ ಅಂತ ಗೊತ್ತಾಯಿತು. ಯಜಮಾನರು ಇದ್ದಾರಾ, ತೋಟಕ್ಕೆ ಹೋಗಿದ್ದಾರಾ ಅಂತ ಗೊತ್ತಾಗಲಿಲ್ಲ.

ಇದನ್ನು ಈಗಲೇ ಪರೀಕ್ಷೆ ಮಾಡಿ ನೋಡಬಹುದು. ಸ್ಟ್ಯಾಂಡ್‌ಬೈ ಯಂತ್ರದಲ್ಲಿ ಅಪ್ಲಿಕೇಶನ್ ಪ್ರೊಸೆಸ್‌ಗೆ ಸಿಗ್‌ಸ್ಟಾಪ್ ಸಿಗ್ನಲ್ ಕಳಿಸಿ. ಪ್ರೊಸೆಸ್ ಸಾಯುವುದಿಲ್ಲ, ಹಾಗೇ ನಿಂತುಬಿಡುತ್ತದೆ. ನಿಮ್ಮ ಪೋರ್ಟ್ ಚೆಕ್ ಓಡಿಸಿ, 'ಎಲ್ಲ ಸರಿ ಇದೆ' ಅನ್ನುತ್ತದೆ. ಆಮೇಲೆ ಸಿಗ್‌ಕಾಂಟ್ ಕಳಿಸಿದರೆ ಪ್ರೊಸೆಸ್ ಮತ್ತೆ ನಡೆಯುತ್ತದೆ. ನಾವು ಸಾಮಾನ್ಯವಾಗಿ ಪ್ರೊಸೆಸ್ ಕೊಂದು ಪರೀಕ್ಷೆ ಮಾಡುತ್ತೇವೆ. ಅದು ಸುಲಭದ ಪರೀಕ್ಷೆ. ನಿಜ ಜೀವನದಲ್ಲಿ ಸರ್ವರ್‌ಗಳು ಪಟ್ಟಂತ ಸಾಯುವುದು ಕಡಿಮೆ, ಅರೆಜೀವವಾಗಿ ಬಿದ್ದುಕೊಂಡಿರುವುದೇ ಜಾಸ್ತಿ.

ಹಾಗಾದರೆ ಏನು ಕೇಳಬೇಕು? ಅಪ್ಲಿಕೇಶನ್ ಒಳಗೇ ಒಂದು ಪುಟ್ಟ ಹೆಲ್ತ್ ಪುಟ ಮಾಡಿಸಿ. ಅದು ನಿಜವಾದ ವಿನಂತಿಗಳು ಹೋಗುವ ದಾರಿಯಲ್ಲೇ ಹೋಗಬೇಕು. ಅದೇ ವರ್ಕರ್ ಥ್ರೆಡ್‌ಗಳು ಅದಕ್ಕೂ ಉತ್ತರ ಕೊಡಬೇಕು. ಕೆಲವರು ಹೆಲ್ತ್ ಪುಟಕ್ಕೆ ಬೇರೆಯೇ ಥ್ರೆಡ್ ಇಡುತ್ತಾರೆ. ಆಗ ಉಳಿದದ್ದೆಲ್ಲ ಹ್ಯಾಂಗ್ ಆಗಿದ್ದರೂ ಆ ಪುಟ ಮಾತ್ರ ನಗುನಗುತ್ತ 200, ಅಂದರೆ 'ಸರಿ ಇದೆ' ಅಂತ ಉತ್ತರ ಕೊಡುತ್ತದೆ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಆ ಪುಟದಲ್ಲೇ ಡೇಟಾಬೇಸ್, ಡಿಸ್ಕ್, ಎಸ್‌ಎಂಎಸ್ ಗೇಟ್‌ವೇ ಎಲ್ಲ ಪರೀಕ್ಷೆ ಮಾಡಿಬಿಡೋಣ ಅಂತ. ಮಾಡಬೇಡಿ. ಎಸ್‌ಎಂಎಸ್ ಗೇಟ್‌ವೇ ನಿಂತರೆ ಎರಡೂ ಸರ್ವರ್‌ಗಳು ಒಟ್ಟಿಗೇ 'ನನಗೆ ಹುಷಾರಿಲ್ಲ' ಅನ್ನುತ್ತವೆ. ಮೆಸೇಜ್ ಹೋಗದಿದ್ದರೂ ನಡೆಯುತ್ತಿದ್ದ ಟೆಂಡರ್ ಪೂರ್ತಿ ನಿಲ್ಲುತ್ತದೆ. ನಾನು ಪ್ರತಿ ಚೆಕ್‌ಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದು ಫೇಲ್ ಆದಾಗ ಆಚೆ ಸರ್ವರ್‌ಗೆ ಹೋದರೆ ಪರಿಸ್ಥಿತಿ ಸುಧಾರಿಸುತ್ತದಾ? ಸುಧಾರಿಸುವುದಾದರೆ ಅದು ಫೇಲ್‌ಓವರ್‌ನ ಚೆಕ್. ಇಲ್ಲವಾದರೆ ಅದು ನಿಮ್ಮ ಮೊಬೈಲ್‌ಗೆ ಬರಬೇಕಾದ ಅಲಾರಂ, ಅಷ್ಟೇ.

ಡಿಸ್ಕ್ ತುಂಬಿದ ಉದಾಹರಣೆ ತಗೊಳ್ಳಿ. ಡೇಟಾ ಬರೆಯಲು ಆಗುತ್ತಿಲ್ಲ, ಗಂಭೀರವೇ. ಆದರೆ ಸ್ಟ್ಯಾಂಡ್‌ಬೈಯಲ್ಲಿ ಇರುವುದು ಅದೇ ಡೇಟಾ, ಬಹುಶಃ ಅದೇ ಅಳತೆಯ ಡಿಸ್ಕ್. ಇಲ್ಲಿ ತುಂಬಿದ್ದರೆ ಅಲ್ಲೂ ತುಂಬಿರುತ್ತದೆ ಅಥವಾ ಇನ್ನೇನು ತುಂಬುತ್ತದೆ. ಬದಲಾಯಿಸಿ ಏನು ಪ್ರಯೋಜನ? ಶೇಕಡಾ 80 ದಾಟಿದಾಗಲೇ ನಿಮಗೆ ಮೆಸೇಜ್ ಬಂದಿರಬೇಕಿತ್ತು. ಅದೇ, ಡಿಸ್ಕೇ ಕೆಟ್ಟು ಫೈಲ್ ಸಿಸ್ಟಂ ರೀಡ್-ಓನ್ಲಿ ಆದರೆ ಕಥೆ ಬೇರೆ. ಅದು ಆ ಒಂದು ಯಂತ್ರದ ರೋಗ, ಆಚೆ ಹೋದರೆ ಗುಣವಾಗುತ್ತದೆ. ಇದನ್ನು ಹಿಡಿಯಲು ಡೇಟಾಬೇಸಿಗೆ 'ಸೆಲೆಕ್ಟ್ 1' ಅನ್ನುವ ಬರೀ ಓದುವ ಪ್ರಶ್ನೆ ಸಾಲದು, ಓದುವುದು ನಡೆಯುತ್ತಲೇ ಇರುತ್ತದೆ. ಒಂದು ಸಣ್ಣ ಟೇಬಲ್‌ನಲ್ಲಿ ಸಮಯ ಬರೆದು ನೋಡಬೇಕು.

ಎಷ್ಟು ಸಲ ತಪ್ಪಿದರೆ ತಪ್ಪು ಅನ್ನಬೇಕು? ಇಲ್ಲಿ ನನ್ನದೇ ಒಂದು ಪೆಟ್ಟಿನ ಕಥೆ ಹೇಳುತ್ತೇನೆ. ಕಾರವಾರದಲ್ಲಿ ಒಂದು ಕಚೇರಿಗೆ ನಾನೇ ಹಾಕಿಕೊಟ್ಟ ವ್ಯವಸ್ಥೆ. ಸೆಕೆಂಡಿಗೊಂದು ಚೆಕ್, ಟೈಮ್‌ಔಟ್ ಒಂದು ಸೆಕೆಂಡ್, ಎರಡು ಸಲ ತಪ್ಪಿದರೆ ಬದಲಾವಣೆ. ವೇಗವಾಗಿದೆ ಅಂತ ಹೆಮ್ಮೆ ಬೇರೆ. ರಾತ್ರಿ ಬ್ಯಾಕಪ್ ಶುರುವಾದಾಗ ಡಿಸ್ಕ್ ನಿಧಾನವಾಯಿತು. ಉತ್ತರ ಒಂದು ಸೆಕೆಂಡ್ ದಾಟಿತು, ಐಪಿ ಆಚೆ ಹೋಯಿತು. ಬ್ಯಾಕಪ್ ಯಾರ ಹತ್ತಿರ ಐಪಿ ಇದೆಯೋ ಅಲ್ಲಿ ಓಡುವ ಹಾಗೆ ಬರೆದವನೂ ನಾನೇ. ಸರಿ, ಅಲ್ಲೂ ಬ್ಯಾಕಪ್ ಶುರು, ಅಲ್ಲೂ ಡಿಸ್ಕ್ ನಿಧಾನ, ಐಪಿ ವಾಪಸ್. ಬೆಳಗಾಗುವ ತನಕ ಕುಂಟೆಬಿಲ್ಲೆ ಆಟ. ಬೆಳಿಗ್ಗೆ ನೋಡಿದರೆ ಒಂದೂ ಬ್ಯಾಕಪ್ ಪೂರ್ತಿ ಆಗಿರಲಿಲ್ಲ. ಸರ್ವರ್‌ಗಳೆರಡೂ ಗಟ್ಟಿಮುಟ್ಟಾಗಿದ್ದವು. ಹುಷಾರಿಲ್ಲದೇ ಇದ್ದದ್ದು ನನ್ನ ಮಾನಿಟರ್‌ಗೆ.

ಅದಾದ ಮೇಲೆ ನಾನು ಅಂಕಿಗಳನ್ನು ಊಹೆಯಲ್ಲಿ ಬರೆಯುವುದಿಲ್ಲ. ನೀವೂ ಮೊದಲು ಒಂದು ವಾರ ಸುಮ್ನೆ ಅಳೆಯಿರಿ. ಟೆಂಡರ್ ದಿನ ರಶ್ ಇದ್ದಾಗ, ರಾತ್ರಿ ಬ್ಯಾಕಪ್ ಓಡುವಾಗ, ಹೆಲ್ತ್ ಪುಟ ಉತ್ತರ ಕೊಡಲು ಅತಿ ಹೆಚ್ಚು ಎಷ್ಟು ಹೊತ್ತು ತಗೊಂಡಿತು ಅಂತ ಬರೆದಿಡಿ. ಟೈಮ್‌ಔಟ್ ಅದರ ಮೂರು ಪಟ್ಟಾದರೂ ಇರಲಿ. ಎಚ್‌ಎಪ್ರಾಕ್ಸಿಯಲ್ಲಿ (ಬಂದ ವಿನಂತಿಗಳನ್ನು ಹುಷಾರಾಗಿರುವ ಸರ್ವರ್‌ಗೆ ಕಳಿಸುವ ಸಾಫ್ಟ್‌ವೇರ್) ನೀವೇನೂ ಬರೆಯದಿದ್ದರೆ 2 ಸೆಕೆಂಡಿಗೊಂದು ಚೆಕ್, ಸತತ 3 ಸಲ ತಪ್ಪಿದರೆ ಹೊರಗೆ, ಸತತ 2 ಸಲ ಸರಿಯಾದರೆ ಒಳಗೆ. ಒಳ್ಳೆಯ ಆರಂಭ ಇದು. ನಾನು ಒಳಗೆ ಬರುವ ಅಂಕಿಯನ್ನು ಮಾತ್ರ 5ಕ್ಕೆ ಏರಿಸುತ್ತೇನೆ. ಜ್ವರ ಬಿಟ್ಟ ಮರುಗಳಿಗೆಯೇ ಕೊನೆಗಾರನನ್ನು ಯಾರೂ ಅಡಿಕೆ ಮರ ಹತ್ತಿಸುವುದಿಲ್ಲವಲ್ಲ.

ಈಗ ಎರಡನೇ ಅನಾಹುತ. ಅಸಲಿ ಸಮಸ್ಯೆ ಇದೇ. ಮೊದಲನೆಯದು ಟೆಂಡರ್ ತಡ ಮಾಡಿತು, ಎರಡನೆಯದು ಲೆಕ್ಕವನ್ನೇ ಕೆಡಿಸಿತು.

ಕೀಪ್‌ಅಲೈವ್‌ಡಿ ಬಳಸುವ ವಿಆರ್‌ಆರ್‌ಪಿ ಪ್ರೋಟೊಕಾಲ್ 1998ರಲ್ಲಿ ಬಂದಿದ್ದು ರೌಟರ್‌ಗಳಿಗಾಗಿ. ಮುಖ್ಯ ರೌಟರ್ ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಅನ್ನುತ್ತದೆ. ಮೂರು ಸಲ ಕೇಳದಿದ್ದರೆ, ಮೇಲೊಂದಿಷ್ಟು ಕಾದು, ಇನ್ನೊಂದು ಎದ್ದು ನಿಲ್ಲುತ್ತದೆ. ನಿಮ್ಮ 100 ಪ್ರಯಾರಿಟಿಗೆ ಆ ಕಾಯುವ ಹೊತ್ತು ಒಟ್ಟು ಸುಮಾರು 3.6 ಸೆಕೆಂಡ್. ಇದರಲ್ಲಿ ವೋಟು ಇಲ್ಲ, ಪಂಚಾಯ್ತಿ ಇಲ್ಲ. ದನಿ ಕೇಳಲಿಲ್ಲ ಅಂದರೆ ಸತ್ತ ಅಂತಲೇ ಲೆಕ್ಕ. ರೌಟರ್‌ಗೆ ಅದು ಸಾಕು. ಎರಡು ರೌಟರ್ ಸ್ವಲ್ಪ ಹೊತ್ತು ಒಟ್ಟಿಗೇ ಮುಖ್ಯವಾದರೆ ಕೆಲವು ಪ್ಯಾಕೆಟ್ ದಾರಿ ತಪ್ಪುತ್ತವೆ, ಅಷ್ಟೇ. ರೌಟರ್ ಹತ್ತಿರ ಕಳೆದುಕೊಳ್ಳಲು ಲೆಕ್ಕದ ಪುಸ್ತಕ ಇಲ್ಲ. ನೀವು ಅದರ ಬಾಲಕ್ಕೆ ಡೇಟಾಬೇಸ್ ಪ್ರಮೋಟ್ ಮಾಡುವ ಸ್ಕ್ರಿಪ್ಟ್ ಕಟ್ಟಿದಿರಿ. ಸ್ವಿಚ್ ಕೆಟ್ಟ ಕೂಡಲೇ ಲೆಕ್ಕದ ಪುಸ್ತಕ ಎರಡಾಯಿತು.

ಆ ಪ್ರಮೋಟ್ ಸ್ಕ್ರಿಪ್ಟನ್ನು ಇವತ್ತೇ ತೆಗೆಯಿರಿ. ಉಳಿದದ್ದನ್ನು ನಿಧಾನಕ್ಕೆ ಮಾಡಬಹುದು.

ಎರಡೇ ಯಂತ್ರ ಇದ್ದಾಗ, 'ಆಚೆಯವನು ಸತ್ತನಾ, ನಡುವಿನ ಕೇಬಲ್ ತುಂಡಾಯಿತಾ' ಅಂತ ಒಂದು ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಇಲ್ಲ. ಮಳೆಗಾಲದಲ್ಲಿ ಫೋನ್ ಹತ್ತದಿದ್ದರೆ ಟವರ್ ಹೋಯಿತಾ, ಮನೆಯವರು ಎತ್ತುತ್ತಿಲ್ಲವಾ ಅಂತ ನಮಗೆ ಗೊತ್ತಾಗುತ್ತದಾ? ಪಕ್ಕದ ಮನೆಗೆ ಫೋನ್ ಮಾಡಿ ಕೇಳುತ್ತೇವೆ. ಆ ಪಕ್ಕದ ಮನೆ ನಿಮಗೂ ಬೇಕು, ಮೂರನೇ ವೋಟು.

ಪೋಸ್ಟ್‌ಗ್ರೆಸ್‌ಗೆ ನಾನು ಪಟ್ರೋನಿ ಹಾಕುತ್ತೇನೆ, ಯಾವ ಡೇಟಾಬೇಸ್ ಮುಖ್ಯ ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಜೊತೆಗೆ ಮೂರು ಕಡೆ ಎಟ್ಸಿಡಿ, ವೋಟು ಹಾಕಿ ಬಹುಮತದಿಂದ ತೀರ್ಮಾನ ಬರೆದಿಡುವ ಪುಟ್ಟ ಡೇಟಾಬೇಸ್. ಎರಡು ಎಟ್ಸಿಡಿ ನಿಮ್ಮ ಈಗಿನ ಸರ್ವರ್‌ಗಳಲ್ಲೇ ಇರಲಿ. ಮೂರನೆಯದಕ್ಕೆ ಒಂದು ಪುಟ್ಟ ಕಂಪ್ಯೂಟರ್ ಸಾಕು, ಆದರೆ ಮೆಮೊರಿ ಕಾರ್ಡ್ ಬೇಡ, ಎಸ್‌ಎಸ್‌ಡಿ ಇರಲಿ. ಎಟ್ಸಿಡಿ ಪ್ರತಿ ಬರಹವನ್ನೂ ಡಿಸ್ಕ್‌ಗೆ ಇಳಿಸಿ ಖಚಿತ ಮಾಡಿಕೊಳ್ಳುತ್ತದೆ. ಡಿಸ್ಕ್ ನಿಧಾನವಾದರೆ ಎಟ್ಸಿಡಿಯೇ ತಡವರಿಸುತ್ತದೆ. ಈ ಮೂರನೆಯದನ್ನು ಅದೇ ಸರ್ವರ್ ರೂಮಿನಲ್ಲಿ, ಅದೇ ಸ್ವಿಚ್‌ಗೆ, ಅದೇ ಯುಪಿಎಸ್‌ಗೆ ಹಾಕಿದರೆ ದುಡ್ಡು ದಂಡ. ನಿಮ್ಮ ಸಂಘದ ಗೋದಾಮು ಬೇರೆ ಕಟ್ಟಡದಲ್ಲಿ ಇದ್ದರೆ ಅಲ್ಲಿಡಿ. ಬೇರೆ ಕೇಬಲ್, ಬೇರೆ ಯುಪಿಎಸ್. 'ಮಳೆಗೆ ಗೋದಾಮಿನ ಲೈನ್ ಹೋದರೆ?' ಅಂತ ಕೇಳಬಹುದು. ಹೋಗಲಿ ಬಿಡಿ. ಸರ್ವರ್ ಎರಡೂ ಒಂದಕ್ಕೊಂದು ಕಾಣುತ್ತಿದ್ದರೆ ಮೂರರಲ್ಲಿ ಎರಡು ವೋಟು ಇದ್ದೇ ಇದೆ. ಅವೆರಡರ ನಡುವೆ ಜಗಳ ಬಂದಾಗ ಮಾತ್ರ ಗೋದಾಮಿನ ಮಾತು ಬೇಕು.

ಪಟ್ರೋನಿ ಕೆಲಸ ಮಾಡುವ ರೀತಿ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ಮುಖ್ಯ ಡೇಟಾಬೇಸ್ ಹತ್ತಿರ ಒಂದು ಕೀಲಿ ಇರುತ್ತದೆ, ಅದಕ್ಕೆ 30 ಸೆಕೆಂಡ್ ಆಯುಷ್ಯ. 10 ಸೆಕೆಂಡಿಗೊಮ್ಮೆ ಅದನ್ನು ನವೀಕರಿಸಬೇಕು. ನವೀಕರಿಸಲು ಆಗಲಿಲ್ಲ ಅಂದರೆ ಅದು ತಾನೇ ಕೆಳಗಿಳಿಯುತ್ತದೆ. ನೋಡಿ, ಇಲ್ಲಿ ಎದ್ದು ನಿಲ್ಲುವವನ ಅವಸರಕ್ಕಿಂತ ಕೂರಬೇಕಾದವನ ಶಿಸ್ತು ಮುಖ್ಯ. ಪಟ್ರೋನಿಯೇ ಹ್ಯಾಂಗ್ ಆದರೆ? ಅದಕ್ಕೆ ವಾಚ್‌ಡಾಗ್ ಆನ್ ಮಾಡಿ. ಹೊತ್ತಿಗೆ ಸರಿಯಾಗಿ ತಟ್ಟದಿದ್ದರೆ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಆ 30 ಮತ್ತು 10ರ ಅಂಕಿಗಳನ್ನು ಇಳಿಸಲು ಕೈ ತುರಿಸುತ್ತದೆ. ಇಳಿಸಬೇಡಿ. ಟೆಂಡರ್ ಅರ್ಧ ಮುಕ್ಕಾಲು ನಿಮಿಷ ನಿಂತರೆ ವ್ಯಾಪಾರಿಗಳು ಗೊಣಗುತ್ತಾರೆ, ಅಷ್ಟೇ. ಮೂರರಲ್ಲಿ ಎರಡು ವೋಟು ಹೋದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ. ನಿಲ್ಲಲಿ. ನಿಂತದ್ದನ್ನು ಮತ್ತೆ ಶುರು ಮಾಡಬಹುದು, ಒಡೆದ ಲೆಕ್ಕ ಕೂಡಿಸುವ ಪಾಡು ನಿಮಗೀಗ ಗೊತ್ತೇ ಇದೆ.

ಪಟ್ರೋನಿಯ ಸಿಂಕ್ರೊನಸ್ ಮೋಡ್ ಆನ್ ಮಾಡಿಕೊಳ್ಳಿ, ಆಗ ಸ್ಟ್ಯಾಂಡ್‌ಬೈಗೂ ತಲುಪಿದ ಮೇಲೆಯೇ ಎಂಟ್ರಿ ಆಯಿತು ಅನ್ನುತ್ತದೆ. ಇಲ್ಲದಿದ್ದರೆ ಮುಖ್ಯ ಯಂತ್ರ ಸತ್ತ ಗಳಿಗೆಯಲ್ಲಿ ಹಾಕಿದ ಕೊನೆಯ ಕೆಲವು ದರಗಳು ಸ್ಟ್ಯಾಂಡ್‌ಬೈಗೆ ತಲುಪದೇ ಹೋಗಬಹುದು. ಟೆಂಡರ್‌ನಲ್ಲಿ ಒಂದು ದರ ಕಳೆದುಹೋಯಿತು ಅಂದರೆ ಅದು ಒಬ್ಬ ರೈತನ ದುಡ್ಡು.

ಯಾರಾದರೂ ನಿಮಗೆ ಪೇಸ್‌ಮೇಕರ್ ಅನ್ನುವ ಕ್ಲಸ್ಟರ್ ಸಾಫ್ಟ್‌ವೇರ್ ಹಾಕಿ ಅಂದರೆ ಅದೂ ಒಳ್ಳೆಯದೇ. ಆದರೆ ಎಷ್ಟೋ ಪಾಠಗಳಲ್ಲಿ ಮೊದಲ ಹೆಜ್ಜೆಯಲ್ಲೇ ಸ್ಟೋನಿತ್ ಆಫ್ ಮಾಡಿಸುತ್ತಾರೆ. ಅಂದರೆ, ಅನುಮಾನ ಬಂದ ಯಂತ್ರದ ಕರೆಂಟನ್ನೇ ತೆಗೆದು, ಸತ್ತಿದ್ದು ಖಾತ್ರಿ ಅಂತ ಮಾಡಿಕೊಳ್ಳುವ ವ್ಯವಸ್ಥೆಯನ್ನು ಆಫ್ ಮಾಡಿಸುತ್ತಾರೆ. ಸ್ಟೋನಿತ್ ಆಫ್ ಮಾಡಿದ ಪೇಸ್‌ಮೇಕರ್‌ನಲ್ಲಿ ಡೇಟಾಬೇಸ್ ಇಟ್ಟರೆ ನಿಮ್ಮ ಈಗಿನ ಸ್ಥಿತಿಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಮತ್ತೆ, ಸರ್ವರ್‌ನ ಐಪಿಎಂಐ (ದೂರದಿಂದ ಆನ್-ಆಫ್ ಮಾಡಲು ಸರ್ವರ್‌ನೊಳಗೇ ಇರುವ ಪುಟ್ಟ ವ್ಯವಸ್ಥೆ) ಮೂಲಕ ಕರೆಂಟ್ ತೆಗೆಯುವ ಯೋಚನೆ ಇದ್ದರೆ ನಮ್ಮ ಕಡೆಯ ಒಂದು ಮಾತು. ಆ ಐಪಿಎಂಐಗೂ ಅದೇ ಸರ್ವರ್‌ನ ಕರೆಂಟ್. ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಬರಿದಾದರೆ ಎರಡೂ ಒಟ್ಟಿಗೇ ಸಾಯುತ್ತವೆ. ಆಗ ಇನ್ನೊಂದು ಸರ್ವರ್ 'ಅವನು ಸತ್ತ ಅಂತ ಖಾತ್ರಿ ಆಗಲಿಲ್ಲ' ಅಂತ ಕಾಯುತ್ತಲೇ ಕೂರುತ್ತದೆ. ದೂರದಿಂದ ಆಫ್ ಮಾಡಬಹುದಾದ ಪವರ್ ಸ್ಟ್ರಿಪ್ ಒಂದನ್ನು ಬೇರೆ ಯುಪಿಎಸ್‌ನಲ್ಲಿ ಇಟ್ಟರೆ ಈ ತೊಡಕು ಕಡಿಮೆ.

ದೊಡ್ಡವರಿಗೂ ಇದು ಆಗಿದೆ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಯ ಡೇಟಾಸೆಂಟರ್‌ನ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಮುಖ್ಯ ಡೇಟಾಬೇಸನ್ನು ಪಶ್ಚಿಮಕ್ಕೆ ಸಾಗಿಸಿತು. ಪೂರ್ವದಲ್ಲಿ ಆಗಲೇ ಬರೆದಿದ್ದ ಒಂದಿಷ್ಟು ದಾಖಲೆ ಪಶ್ಚಿಮಕ್ಕೆ ತಲುಪಿರಲಿಲ್ಲ. ಎರಡನ್ನೂ ಹೊಂದಿಸಿ ಸರಿ ಮಾಡಲು 24 ಗಂಟೆ 11 ನಿಮಿಷ ಬೇಕಾಯಿತು. ಅವರಲ್ಲಿ ವೋಟಿನ ವ್ಯವಸ್ಥೆಯೂ ಇತ್ತು ಅನ್ನುವುದನ್ನು ನೆನಪಿಡಿ.

ಇಷ್ಟಾದ ಮೇಲೆ ಐಪಿ ಓಡಾಡುವ ಭಾಗ ತೀರಾ ಸುಲಭ. ಎರಡೂ ಸರ್ವರ್‌ನಲ್ಲಿ ಎಚ್‌ಎಪ್ರಾಕ್ಸಿ ಇಡಿ. ಕೀಪ್‌ಅಲೈವ್‌ಡಿ ತನ್ನ ಯಂತ್ರದ ಎಚ್‌ಎಪ್ರಾಕ್ಸಿ ಉತ್ತರ ಕೊಡುತ್ತಿದೆಯಾ ಅಂತ ಮಾತ್ರ ನೋಡಲಿ. ಎಚ್‌ಎಪ್ರಾಕ್ಸಿ ಎರಡೂ ಅಪ್ಲಿಕೇಶನ್‌ಗಳ ಹೆಲ್ತ್ ಪುಟ ನೋಡಲಿ. ಡೇಟಾಬೇಸ್ ಯಾವುದು ಮುಖ್ಯ ಅಂತ ಪಟ್ರೋನಿಯ 8008 ಪೋರ್ಟ್‌ನಲ್ಲಿ 'ಪ್ರೈಮರಿ' ಅನ್ನುವ ವಿಳಾಸಕ್ಕೆ ಕೇಳಲಿ. ಮುಖ್ಯವಾದವನು ಮಾತ್ರ ಅಲ್ಲಿ 200 ಅನ್ನುತ್ತಾನೆ. ಈಗ ಸ್ವಿಚ್ ಮತ್ತೆ ಕೆಟ್ಟು ಎರಡೂ ಯಂತ್ರ ಐಪಿ ಹಿಡಿದುಕೊಂಡವು ಅಂದುಕೊಳ್ಳಿ. ಹಿಡಿದುಕೊಳ್ಳಲಿ. ಎರಡೂ ಎಚ್‌ಎಪ್ರಾಕ್ಸಿ ಕೇಳುವುದು ಒಂದೇ ಪ್ರಶ್ನೆ. ಕೀಲಿ ಕಳೆದುಕೊಂಡವನು ಕೆಳಗಿಳಿದ ಮೇಲೆ, ಬರೆಯುವ ಡೇಟಾಬೇಸ್ ಒಂದೇ. ಡೇಟಾಬೇಸ್ ಕಾಣದವನು ಎರರ್ ತೋರಿಸುತ್ತಾನೆ, ಇನ್ನೊಂದು ಲಾಟ್ ನಂಬರ್ ಹುಟ್ಟಿಸುವುದಿಲ್ಲ. ನಿಮ್ಮ ಸ್ವಿಚ್ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಒಟ್ಟಿಗೆ ಕಳಿಸುವ ಸಂದೇಶ) ನುಂಗುವ ಜಾತಿಯದಾದರೆ ಕೀಪ್‌ಅಲೈವ್‌ಡಿಯಲ್ಲಿ ಯೂನಿಕಾಸ್ಟ್ ಪೀರ್, ಅಂದರೆ ಆಚೆ ಸರ್ವರ್‌ನ ನೇರ ವಿಳಾಸ ಬರೆದುಬಿಡಿ.

ಒಂದು ಎಚ್ಚರಿಕೆ. ಅಪ್ಲಿಕೇಶನ್ ಎರಡೂ ಕಡೆ ಓಡತೊಡಗಿದ ಮೇಲೆ ಕೆಲಸ ಅರ್ಧ ಅರ್ಧ ಹಂಚಿಹೋಗುತ್ತದೆ, ಎಲ್ಲ ಚುರುಕಾಗಿ ಕಾಣುತ್ತದೆ. ನಿಧಾನಕ್ಕೆ ಎರಡೂ ಯಂತ್ರಗಳ ಹೊರೆ ಏರುತ್ತದೆ. 2024ರ ಆಗಸ್ಟ್ 7ರಂದು ನಮ್ಮ ಕಾರವಾರದ ಹಳೇ ಕಾಳಿ ಸೇತುವೆ ಕುಸಿದದ್ದು ನಿಮಗೆ ನೆನಪಿರಬೇಕು. ಅಲ್ಲಿಯ ತನಕ ಎರಡು ಸೇತುವೆ, ಒಂದೊಂದರಲ್ಲಿ ಒಂದೊಂದು ದಿಕ್ಕಿನ ವಾಹನ. ಅದಾದ ಮೇಲೆ ಗೋವಾಕ್ಕೆ ಹೋಗುವವರು, ಬರುವವರು ಎಲ್ಲರೂ ಹೊಸ ಸೇತುವೆ ಮೇಲೆಯೇ. ಅದು ತಡೆದುಕೊಂಡಿತು. ನಿಮ್ಮ ಒಂದು ಸರ್ವರ್ ತಡೆದುಕೊಳ್ಳುತ್ತದಾ? ಟೆಂಡರ್ ರಶ್‌ನಲ್ಲಿ ಒಂದೊಂದೂ ಶೇಕಡಾ 60 ದುಡಿಯುತ್ತಿದ್ದರೆ, ಒಂದು ಬಿದ್ದ ಹತ್ತು ನಿಮಿಷಕ್ಕೆ ಇನ್ನೊಂದೂ ಬೀಳುತ್ತದೆ. ಆಗ ಬೈಯುವುದು ಹೆಲ್ತ್ ಚೆಕ್‌ಗೆ.

ಅಧ್ಯಕ್ಷರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಅರ್ಧ ಸರಿ. ಮೂರನೇ ವೋಟು, ವಾಚ್‌ಡಾಗ್ ಎಲ್ಲ ಆಗುವ ತನಕ ಡೇಟಾಬೇಸನ್ನು ಕೈಯಲ್ಲೇ ಬದಲಾಯಿಸಿ. ಒಂದು ಹಾಳೆಯಲ್ಲಿ ಹೆಜ್ಜೆಗಳನ್ನು ಬರೆದು ಸರ್ವರ್ ರೂಮಿನ ಬಾಗಿಲಿಗೆ ಅಂಟಿಸಿ. ಮೊದಲ ಹೆಜ್ಜೆ ಯಾವಾಗಲೂ ಒಂದೇ: ಹಳೇ ಮುಖ್ಯ ಯಂತ್ರದ ಪವರ್ ಬಟನ್ ಒತ್ತಿ, ದೀಪ ಆರಿದ್ದು ಕಣ್ಣಾರೆ ನೋಡಿ. ಆಮೇಲೆ ಪ್ರಮೋಟ್. ಅಪ್ಲಿಕೇಶನ್ ಮತ್ತು ಐಪಿ ಮಾತ್ರ ಆಟೊಮ್ಯಾಟಿಕ್ಕೇ ಇರಲಿ. ಅಲ್ಲಿ ತಪ್ಪಾಗಿ ಬದಲಾದರೂ ನಷ್ಟ ಒಂದೆರಡು ಕ್ಲಿಕ್ ಅಷ್ಟೇ. ಅದಕ್ಕೆ ರಾತ್ರಿ ನಿಮ್ಮನ್ನು ಎಬ್ಬಿಸುವ ಅಗತ್ಯ ಇಲ್ಲ.

ಎಲ್ಲ ಹಾಕಿದ ಮೇಲೆ ಟೆಂಡರ್ ಇಲ್ಲದ ಒಂದು ಭಾನುವಾರ ಕೂತು ಕೆಡಿಸಿ ನೋಡಿ. ಅಪ್ಲಿಕೇಶನ್‌ಗೆ ಸಿಗ್‌ಸ್ಟಾಪ್. ಮುಖ್ಯ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕೀಳುವುದು. ಎರಡು ಸರ್ವರ್‌ಗಳ ನಡುವಿನ ಮಾತನ್ನು ಮಾತ್ರ ಫೈರ್‌ವಾಲ್‌ನಲ್ಲಿ ತಡೆಯುವುದು. ಗೋದಾಮಿನ ಯಂತ್ರ ಆಫ್ ಮಾಡುವುದು, ಅದು ಆಫ್ ಇದ್ದಾಗಲೇ ಮುಖ್ಯವನ್ನೂ ಕೀಳುವುದು. ಆಗ ಎಲ್ಲವೂ ನಿಲ್ಲಬೇಕು, ನಿಲ್ಲದಿದ್ದರೆ ಎಲ್ಲೋ ತಪ್ಪಿದೆ. ಪ್ರತಿ ಸಲವೂ ಕೌಂಟರ್ ಕಂಪ್ಯೂಟರ್‌ನಲ್ಲಿ ಒಬ್ಬರು ಕೂತು ಲಾಟ್ ಎಂಟ್ರಿ ಮಾಡುತ್ತಲೇ ಇರಲಿ, ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್ ಇರಲಿ. ಎಷ್ಟು ಸೆಕೆಂಡ್ ಎಂಟ್ರಿ ಆಗಲಿಲ್ಲ ಅಂತ ಬರೆದಿಡಿ. ಕೊನೆಯಲ್ಲಿ ಎಂಟ್ರಿ ಮಾಡಿದ ಲಾಟ್‌ಗಳನ್ನೂ ಡೇಟಾಬೇಸಿನಲ್ಲಿ ಇರುವ ಲಾಟ್‌ಗಳನ್ನೂ ಎಣಿಸಿ ತಾಳೆ ನೋಡಿ. ಐಪಿ ಬದಲಾದಾಗಲೆಲ್ಲ ನಿಮಗೆ ಮೆಸೇಜ್ ಬರುವಂತೆ ನೋಟಿಫೈ ಸ್ಕ್ರಿಪ್ಟ್‌ನಲ್ಲಿ ಹಾಕಲು ಮರೆಯಬೇಡಿ. ಸದ್ದಿಲ್ಲದೆ ಫೇಲ್‌ಓವರ್ ಆಗಿ, ತಿಂಗಳುಗಟ್ಟಲೆ ಒಂದೇ ಕಾಲಲ್ಲಿ ನಿಂತಿದ್ದ ಕ್ಲಸ್ಟರ್‌ಗಳನ್ನು ನಾನು ನೋಡಿದ್ದೇನೆ.